ಡ್ರೈನ್ ಕಟ್ಟಿಕೊಂಡಿದೆಯಾ? ಆಸಿಡ್ ತರುವ ಮೊದಲು ಚೇಂಬರ್ ಮುಚ್ಚಳ ತೆಗೆಯಿರಿ

ಅವರೆಕಾಯಿ ಕಾಲ. ಭಾನುವಾರ. ಮನೆ ತುಂಬ ನೆಂಟರು. ಹಿತಕಿದ ಬೇಳೆ ಸಾರು, ಮುದ್ದೆ, ಜೊತೆಗೆ ಒಂದಿಷ್ಟು ವಡೆ. ಊಟ ಮುಗಿದು ಪಾತ್ರೆಗೆ ಕೈ ಹಾಕಿ ಹತ್ತು ನಿಮಿಷ ಆಗಿರಲಿಲ್ಲ, ಸಿಂಕಿನಲ್ಲಿ ನೀರು ನಿಂತುಬಿಟ್ಟಿತು. ಮೇಲೆ ಅವರೆ ಸಿಪ್ಪೆ ತೇಲುತ್ತಿತ್ತು. ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಅಂಗಡಿಗೆ ಹೋಗಿ ಆಸಿಡ್ ಬಾಟಲಿ ತಂದು ಪೂರ್ತಿ ಸುರಿದೆ. ಸಂಜೆಗೆ ನೀರು ಇಳಿಯಿತು. ಕೆಲಸ ಮುಗಿಯಿತು ಅಂದುಕೊಂಡೆ.

ಮೂರು ವಾರಕ್ಕೆ ಮತ್ತೆ ಕಟ್ಟಿತು. ಈ ಸಲ ಸಿಂಕ್ ಸರಿಯಾಗೇ ಇತ್ತು, ಹೊರಗಿನ ಓಣಿಯಲ್ಲಿ (ಮನೆಗೂ ಕಾಂಪೌಂಡಿಗೂ ನಡುವಿನ ಸಂದಿಯಲ್ಲಿ) ನೀರು ಉಕ್ಕಿತ್ತು. ಪ್ಲಂಬರ್ ಬಂದ, ಬಿದಿರು ದಬ್ಬೆ ಆಡಿಸಿದ, ದುಡ್ಡು ತಗೊಂಡು ಹೋದ. ಅದಾದ ಹದಿನೈದು ದಿನಕ್ಕೆ ಇನ್ನೊಂದು ಸಲ. ಪ್ರತಿ ಸಲವೂ ನಾನು ಬೈದದ್ದು ಸಿಪ್ಪೆಯನ್ನು ಮತ್ತು ಸಿಪ್ಪೆ ಬಿಟ್ಟವರನ್ನು. ಕೊನೆಗೆ ನೋಡಿದರೆ ಒಂದೇ ಪೈಪಿನಲ್ಲಿ ಎರಡು ಬೇರೆ ಬೇರೆ ದೋಷ ಇದ್ದವು. ಮೊದಲನೆಯದು ಸಿಂಕಿನ ಕೆಳಗೆ, ಎರಡನೆಯದು ತೆಂಗಿನಮರದ ಬುಡದಲ್ಲಿ. ಸಿಪ್ಪೆಗೂ ಎರಡನೆಯದಕ್ಕೂ ಅಷ್ಟಾಗಿ ಸಂಬಂಧವೇ ಇರಲಿಲ್ಲ.

ನಮ್ಮದು ತುಮಕೂರಿನಲ್ಲಿ ಮೂವತ್ತು-ನಲವತ್ತರ ಸೈಟಿನ ಹಳೇ ಮನೆ. ನಿಮ್ಮದೂ ಹೆಚ್ಚುಕಡಿಮೆ ಹೀಗೇ ಇದ್ದರೆ ಕೆಳಗೆ ಬರೆದದ್ದು ಉಪಯೋಗಕ್ಕೆ ಬರಬಹುದು.

ನೀರು ಎಲ್ಲಿ ನಿಂತಿದೆ, ಎಲ್ಲಿ ನಿಂತಿಲ್ಲ

ಮೂರನೇ ಸಲ ಬಂದವರು ವಯಸ್ಸಾದ ಒಬ್ಬ ಮೇಸ್ತ್ರಿ. ನಾನು "ಕಿಚನ್ ಲೈನು, ಸಿಪ್ಪೆ ಕಟ್ಕೊಂಡಿದೆ" ಅಂದೆ. ಅವರು ನಕ್ಕರು. "ಅದೇನ್ ಸಾರ್, ಮುಚ್ಚಳಾನೇ ತೆಗೀದೆ ರೋಗ ಹೇಳ್ಬಿಟ್ರಾ ನೀವು?"

ಅವರು ಮಾಡಿದ್ದು ಇಷ್ಟೇ. ಮನೆಯಿಂದ ಬೀದಿಯ ಕಡೆಗೆ ಒಂದೊಂದೇ ಚೇಂಬರಿನ, ಅಂದರೆ ಪೈಪಿನ ದಾರಿಯಲ್ಲಿ ಕಟ್ಟಿದ ಗುಂಡಿಯ, ಮುಚ್ಚಳ ಎತ್ತುತ್ತಾ ಹೋದರು. ಮೊದಲ ಚೇಂಬರ್ ತುಂಬಿತ್ತು. ಎರಡನೆಯದು ಖಾಲಿ. ಎರಡರ ನಡುವಿನ ಮಣ್ಣಿನ ಮೇಲೆ ಹಾರೆಯಿಂದ ಒಂದು ಗೆರೆ ಎಳೆದರು. "ಇಷ್ಟರೊಳಗೇ ಇದೆ ಸಾರ್."

ನಿಯಮ ಅಷ್ಟೇ. ತುಂಬಿದ ಚೇಂಬರಿಗೂ ಅದರ ಮುಂದಿನ ಖಾಲಿ ಚೇಂಬರಿಗೂ ನಡುವೆ ಕಟ್ಟಿರುತ್ತದೆ. ಎಲ್ಲ ಚೇಂಬರೂ ತುಂಬಿದ್ದರೆ ಕಟ್ಟಿರುವುದು ನಿಮ್ಮ ಕೊನೆಯ ಚೇಂಬರ್ ಆಚೆ, ಅಂದರೆ ಬೀದಿಗೆ ಹೋಗುವ ಕನೆಕ್ಷನ್‌ನಲ್ಲಿ ಅಥವಾ ಯುಜಿಡಿ (ಬೀದಿಯ ಒಳಚರಂಡಿ) ಲೈನಿನಲ್ಲಿ. ಎಲ್ಲವೂ ಖಾಲಿಯಿದ್ದು ಸಿಂಕಿನಲ್ಲಿ ಮಾತ್ರ ನೀರು ನಿಂತಿದ್ದರೆ ದೋಷ ಮನೆಯೊಳಗೇ ಇದೆ, ಹೊರಗೆ ಏನೂ ಅಗೆಯಬೇಡಿ.

ಇದರ ಜೊತೆ ಇನ್ನೊಂದು ವಿಷಯ ಗೊತ್ತಿದ್ದರೆ ಮುಚ್ಚಳ ತೆಗೆಯುವ ಮೊದಲೇ ಅರ್ಧ ಉತ್ತರ ಸಿಗುತ್ತದೆ. ಕಟ್ಟಿಕೊಂಡ ನೀರು ಹಿಂದಕ್ಕೆ ಏರುವಾಗ ತನಗೆ ಸಿಕ್ಕ ಅತಿ ತಗ್ಗಿನ ಬಾಯಿಯಲ್ಲಿ ಹೊರಗೆ ಬರುತ್ತದೆ. ಸಿಂಕ್ ಇರುವುದು ಮೂರಡಿ ಎತ್ತರದಲ್ಲಿ. ಸಿಂಕಿನ ನೀರು ಹೊರಗೆ ಮೊದಲು ಬೀಳುವ ಜಾಲರಿ ಗುಂಡಿ, ಅಂದರೆ ಗಲ್ಲಿ ಟ್ರ್ಯಾಪ್, ನೆಲದ ಮಟ್ಟದಲ್ಲಿ. ಹಾಗಾಗಿ ಓಣಿಯ ಪೈಪು ಕಟ್ಟಿಕೊಂಡರೆ ಗಲ್ಲಿ ಟ್ರ್ಯಾಪ್ ಉಕ್ಕಬೇಕೇ ಹೊರತು ಸಿಂಕಿನಲ್ಲಿ ನೀರು ನಿಲ್ಲುವುದಿಲ್ಲ. ಸಿಂಕಿನಲ್ಲಿ ನಿಂತಿದೆ, ಗಲ್ಲಿ ಟ್ರ್ಯಾಪ್ ಉಕ್ಕಿಲ್ಲ ಅಂದರೆ ಕಟ್ಟಿರುವುದು ಇವೆರಡರ ನಡುವಿನ ನಾಲ್ಕೈದು ಅಡಿಯಲ್ಲಿ. ಅದೇ ರೀತಿ, ಮೇಲಿನ ಮಹಡಿಯಲ್ಲಿ ಸ್ನಾನ ಮಾಡಿದರೆ ಕೆಳಗಿನ ಬಚ್ಚಲಿನ ಜಾಲರಿಯಲ್ಲಿ ನೊರೆ ಬರುತ್ತಿದ್ದರೆ ಮೇಲಿನ ಬಚ್ಚಲನ್ನು ಕೆದಕಿ ಪ್ರಯೋಜನ ಇಲ್ಲ. ಇಬ್ಬರ ನೀರೂ ಸೇರುವ ಜಾಗದ ಆಚೆ ನೋಡಬೇಕು.

ನಾನು ಮೊದಲ ಭಾನುವಾರ ಹೊರಗೆ ಹೋಗಿ ಗಲ್ಲಿ ಟ್ರ್ಯಾಪ್ ನೋಡಿದ್ದರೆ ಆಸಿಡ್ ಬಾಟಲಿ ಬೇಕೇ ಇರಲಿಲ್ಲ.

ಚೇಂಬರ್ ಎಲ್ಲಿದೆ ಅಂತಲೇ ಗೊತ್ತಿಲ್ಲದ ಮನೆಗಳೂ ಉಂಟು. ಓಣಿಗೆ ಟೈಲ್ಸ್ ಹಾಕಿಸುವಾಗ ಚೆಂದ ಕೆಡುತ್ತದೆ ಅಂತ ಮುಚ್ಚಳದ ಮೇಲೂ ಹಾಕಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈಗಾಗಲೇ ಮಾಡಿದ್ದರೆ ಹಾರೆಯ ಹಿಡಿಯಿಂದ ನೆಲ ತಟ್ಟುತ್ತಾ ಹೋಗಿ, ಚೇಂಬರ್ ಇರುವ ಕಡೆ ಟೊಳ್ಳು ಸದ್ದು ಬರುತ್ತದೆ.

ಸಿಂಕಿನ ಕೆಳಗೆ

ಇಲ್ಲಿ ಹೆಚ್ಚು ಹೇಳುವುದಿಲ್ಲ. ಕೆಳಗೆ ಬಕೆಟ್ ಇಟ್ಟು ಟ್ರ್ಯಾಪ್ (ಸಿಂಕಿನ ಕೆಳಗೆ ಸ್ವಲ್ಪ ನೀರು ಹಿಡಿದಿಡುವ ಭಾಗ) ತಿರುಗಿಸಿ ಬಿಚ್ಚಿ. ಬಾಟಲ್ ಟ್ರ್ಯಾಪ್ ಆದರೆ ಕೆಳಗಿನ ಕಪ್ಪು, ಬಾಗಿದ ಪೈಪಾದರೆ ಎರಡು ನಟ್ಟು. ಹೆಚ್ಚಿನವು ಕೈಯಲ್ಲೇ ಬಿಚ್ಚುತ್ತವೆ. ಒಳಗಿರುವುದನ್ನು ಬಕೆಟಿಗೇ ಸುರಿಯಿರಿ, ಅದೇ ಸಿಂಕಿಗಲ್ಲ. (ನಗಬೇಡಿ, ನಾನು ಹಾಗೇ ಮಾಡಿದ್ದೆ.) ವಾಷರ್ ಕೂತಿದ್ದ ದಿಕ್ಕು ನೆನಪಿಟ್ಟುಕೊಳ್ಳಿ. ತಿರುಗಾಮುರುಗಾ ಹಾಕಿದರೆ ಸೋರುತ್ತದೆ.

ಟ್ರ್ಯಾಪ್ ಶುಭ್ರವಾಗಿದ್ದೂ ನೀರು ಹೋಗುತ್ತಿಲ್ಲ ಅಂದರೆ ಗೋಡೆಯೊಳಗಿನ ಪೈಪು. ಅದಕ್ಕೆ ಸ್ಪ್ರಿಂಗ್ ವೈರ್ ಬೇಕು. ರಬ್ಬರ್ ಪಂಪ್ ಹಾಕುವುದಾದರೆ ಮೊದಲು ಓವರ್‌ಫ್ಲೋ ತೂತಿಗೆ ಒದ್ದೆ ಬಟ್ಟೆ ತುರುಕಿ. ಎರಡು ತೊಟ್ಟಿಯ ಸಿಂಕಾದರೆ ಇನ್ನೊಂದರ ಬಾಯಿಗೂ ತುರುಕಬೇಕು. ಇಲ್ಲದಿದ್ದರೆ ನೀವು ಒತ್ತಿದ ಗಾಳಿ ಆ ತೂತಿನಲ್ಲಿ ಹೊರಗೆ ಹೋಗುತ್ತದೆ, ತೋಳು ನೋಯುವುದೊಂದೇ ಲಾಭ.

ನಮ್ಮ ಟ್ರ್ಯಾಪಿನಲ್ಲಿ ಸಿಕ್ಕಿದ್ದನ್ನು ಒಮ್ಮೆ ಹೇಳುತ್ತೇನೆ, ಯಾಕಂದರೆ ಅದು ಅಪ್ಪಟ ನಮ್ಮ ಸೀಮೆಯ ಗಂಟು. ಮಧ್ಯದಲ್ಲಿ ಪಾತ್ರೆ ಉಜ್ಜುವ ತೆಂಗಿನ ನಾರಿನ ಎಳೆಗಳು. ಅದಕ್ಕೆ ಅವರೆ ಸಿಪ್ಪೆ ಎಲೆ ಎಲೆಯಾಗಿ ಮೆತ್ತಿಕೊಂಡಿದೆ. ಸಂದಿಯಲ್ಲಿ ಟೀ ಚರಟ. ಎಲ್ಲವನ್ನೂ ಹಿಡಿದಿಟ್ಟಿದ್ದು ಬೂದು ಬಣ್ಣದ ಅಂಟು, ಮುದ್ದೆ ಪಾತ್ರೆ ತೊಳೆದ ನೀರಿನದು. ರಾಗಿ ಹಿಟ್ಟು ಬೆಂದು ತಣ್ಣಗಾದರೆ ಹೇಗೆ ಪಾತ್ರೆಗೆ ಹಿಡಿಯುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಪೈಪಿಗೂ ಹಾಗೇ ಹಿಡಿಯುತ್ತದೆ. ಬರೀ ನಾರು ಹೋಗುತ್ತಿತ್ತು. ಬರೀ ಸಿಪ್ಪೆಯೂ ಹೋಗುತ್ತಿತ್ತೇನೋ. ನಾರು, ಸಿಪ್ಪೆ, ಅಂಟು ಮೂರೂ ಸೇರಿದರೆ ಮಣ್ಣಿಗೆ ಹುಲ್ಲು ಕಲಸಿ ಗೋಡೆ ಕಟ್ಟಿದ ಹಾಗೆ.

ಇದಕ್ಕೆ ಎಣ್ಣೆ ಸೇರಿದರೆ ಇನ್ನೂ ಗಟ್ಟಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ವನಸ್ಪತಿ, ಕುರಿ ಕೊಬ್ಬು ಇನ್ನೂ ಬೇಗ. ತುಮಕೂರಿನಲ್ಲಿ ಡಿಸೆಂಬರ್ ಜನವರಿಯ ಬೆಳಗ್ಗೆ ನೆಲದೊಳಗಿನ ಪೈಪು ಎಷ್ಟು ತಣ್ಣಗಿರುತ್ತದೆ ಯೋಚಿಸಿ. ಅವರೆಕಾಯಿ ಬರುವುದೂ ಅದೇ ತಿಂಗಳಲ್ಲಿ. ಚಳಿಗಾಲದಲ್ಲೇ ಸಿಂಕ್ ಜಾಸ್ತಿ ಕಟ್ಟುವುದು ಸುಮ್ನೆ ಅಲ್ಲ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಬಚ್ಚಲಿನ ಪೈಪಿಗೆ ಇನ್ನೊಂದು ಕಾಟ. ಗಡಸು ನೀರಿನಲ್ಲಿ ಸೋಪು ನೊರೆಯಾಗುವ ಬದಲು ಬಿಳೀ ಗಸಿಯಾಗುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಕರಗದ ಪದಾರ್ಥ ಆಗುವುದೇ ಇದಕ್ಕೆ ಕಾರಣ. ಅದು ಪೈಪಿನ ಒಳಮೈಗೆ ಸುಣ್ಣ ಬಳಿದಂತೆ ಕೂರುತ್ತದೆ, ಕೂದಲು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಹೇಮಾವತಿ ನೀರು ಬಳಸುವವರಿಗೆ ಇದು ಕಡಿಮೆ.

ತೆರವು ಮಾಡಿದರೂ ಮತ್ತೆ ಮತ್ತೆ ಕಟ್ಟಿದರೆ

ಇದೇ ನನ್ನ ಮುಖ್ಯ ಮಾತು. ಹೊರಗಿನ ಪೈಪು ಒಂದು ಸಲ ಕಟ್ಟಿದರೆ ಅದು ಕಸದ ತಪ್ಪು. ಒಂದೇ ಜಾಗದಲ್ಲಿ ಕೆಲವು ವಾರಕ್ಕೊಮ್ಮೆ ಕಟ್ಟುತ್ತಿದ್ದರೆ ಅದು ಪೈಪಿನ ತಪ್ಪು. ದಬ್ಬೆ ಆಡಿಸಿದರೆ ನಡುವೆ ಒಂದು ಓಟೆ ಆಗುತ್ತದೆ ಅಷ್ಟೇ, ಕಾರಣ ಅಲ್ಲೇ ಉಳಿಯುತ್ತದೆ.

ಪೈಪಿನ ತಪ್ಪು ಸಾಮಾನ್ಯವಾಗಿ ಮೂರು ರೀತಿ. ವಾಟ (ಇಳಿಜಾರು) ಸಾಲದು, ಅಥವಾ ಮಣ್ಣು ಕುಸಿದು ನಡುವೆ ಹೊಟ್ಟೆ ಬಿದ್ದಿದೆ. ಜಾಯಿಂಟ್ ಬಿಟ್ಟು ಒಂದು ತುದಿ ಕೆಳಗಿಳಿದಿದೆ. ಅಥವಾ ಬೇರು ನುಗ್ಗಿದೆ. ಯಾವುದು ಅಂತ ಅಗೆಯದೇ ತಿಳಿಯಲು ಮೂರು ಪರೀಕ್ಷೆ ಇವೆ. ಮೂರಕ್ಕೂ ಮನೆಯಲ್ಲಿರುವ ಸಾಮಾನೇ ಸಾಕು.

ಮೊದಲನೆಯದು ನೀಲಿ. ಬಿಳೀ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಕಲಸಿ ಮೊದಲ ಚೇಂಬರಿಗೆ ಒಮ್ಮೆಲೇ ಸುರಿಯಿರಿ. ಇನ್ನೊಬ್ಬರು ಎರಡನೇ ಚೇಂಬರಿನ ಹತ್ತಿರ ಗಡಿಯಾರ ನೋಡುತ್ತಾ ನಿಲ್ಲಲಿ. ಇಪ್ಪತ್ತು ಅಡಿ ಪೈಪಿಗೆ ಸರಿಯಾದ ವಾಟ ಇದ್ದರೆ ಹತ್ತು ಹದಿನೈದು ಸೆಕೆಂಡಿಗೆ ನೀಲಿ ಬಂದುಬಿಡಬೇಕು. ನಮ್ಮದರಲ್ಲಿ ಮುಕ್ಕಾಲು ನಿಮಿಷ ಆದ ಮೇಲೆ ಬಂತು, ಅದೂ ಸಣ್ಣಗೆ. ಸುರಿದದ್ದು ಒಂದು ಬಕೆಟ್. ಬಂದದ್ದು ಅಷ್ಟು ಅನ್ನಿಸಲಿಲ್ಲ. ಉಳಿದದ್ದು ಎಲ್ಲಿಗೆ ಹೋಯಿತು? ಮಣ್ಣಿಗೆ.

ಎರಡನೆಯದು ಕನ್ನಡಿ. ನನಗೆ ತುಂಬ ಇಷ್ಟವಾದದ್ದು ಇದು. ಮೊದಲು ನೀರು ಬಿಡುವುದನ್ನು ನಿಲ್ಲಿಸಿ ಪೈಪು ಬಸಿದುಹೋಗಲು ಬಿಡಿ. ಒಂದು ಚೇಂಬರಿನಲ್ಲಿ ಪೈಪಿನ ಬಾಯಿಗೆ ಟಾರ್ಚ್ ಹಿಡಿಯಿರಿ. ಇನ್ನೊಂದು ಚೇಂಬರಿನೊಳಗೆ ಕೈಗನ್ನಡಿಯನ್ನು ಓರೆಯಾಗಿ ಇಳಿಸಿ, ಮೇಲಿಂದ ಕನ್ನಡಿಯೊಳಗೆ ನೋಡಿ. ಪೈಪು ನೆಟ್ಟಗಿದ್ದು ಶುಭ್ರವಾಗಿದ್ದರೆ ಹುಣ್ಣಿಮೆ ಚಂದ್ರನ ಹಾಗೆ ಪೂರ್ತಿ ದುಂಡನೆ ಬೆಳಕು ಕಾಣುತ್ತದೆ. ಕೆಳಗಿನ ಭಾಗ ಕತ್ತರಿಸಿದಂತೆ ಕಂಡರೆ ನಡುವೆ ಹೊಟ್ಟೆ ಬಿದ್ದು ನೀರು ನಿಂತಿದೆ. ಪಕ್ಕ ಕತ್ತರಿಸಿದ್ದರೆ ಜಾಯಿಂಟ್ ಸರಿದಿದೆ. ನಮ್ಮ ಕನ್ನಡಿಯಲ್ಲಿ ಬೆಳಕೇನೋ ಇತ್ತು, ಆದರೆ ಅದರ ಮುಂದೆ ಪರದೆಯ ಹಾಗೆ ಏನೋ ನೇತಾಡುತ್ತಿತ್ತು. ಮೇಸ್ತ್ರಿ ಒಂದೇ ನೋಟಕ್ಕೆ "ಬೇರು" ಅಂದರು.

ಮೂರನೆಯದು ಚೆಂಡು. ಪೈಪಿನ ಒಳ ಅಳತೆಗಿಂತ ಅರ್ಧ ಇಂಚು ಕಡಿಮೆ ಇರುವ ನುಣುಪು ಚೆಂಡನ್ನು ಮೇಲಿನ ಚೇಂಬರಿನಿಂದ ಬಿಟ್ಟರೆ ಅದು ಕೆಳಗಿನ ಚೇಂಬರಿಗೆ ಉರುಳಿಕೊಂಡು ಬರಬೇಕು. ಹೊಸ ಪೈಪು ಹಾಕಿಸಿದಾಗ, ಮಣ್ಣು ಮುಚ್ಚುವ ಮೊದಲು ಈ ಪರೀಕ್ಷೆ ಮಾಡಿಸಿ. ಜಾಯಿಂಟಿನಲ್ಲಿ ಒಳಗೆ ಉಕ್ಕಿ ಒಣಗಿದ ಸಿಮೆಂಟ್ ಇದ್ದರೂ ಚೆಂಡು ಅಲ್ಲೇ ನಿಲ್ಲುತ್ತದೆ. ಹಳೇ ಪೈಪಿಗೆ ಮಾತ್ರ ದಾರ ಕಟ್ಟದೆ ಚೆಂಡು ಬಿಡಬೇಡಿ. ಅದೇ ಸಿಕ್ಕಿಕೊಂಡರೆ ಇನ್ನೊಂದು ತಲೆನೋವು.

ಪರೀಕ್ಷೆ ಮಾಡದೆಯೂ ಕಣ್ಣಿಗೆ ಬೀಳುವ ಗುರುತುಗಳಿವೆ. ಚೇಂಬರಿನ ತಳದಲ್ಲಿ ಕೆಂಪು ಮಣ್ಣು ಕೂತಿದ್ದರೆ ಪೈಪು ಒಡೆದಿದೆ ಅಂತಲೇ ಲೆಕ್ಕ. ಮನೆಯೊಳಗಿಂದ ಅಷ್ಟು ಮಣ್ಣು ಹೋಗಲು ಸಾಧ್ಯವೇ ಇಲ್ಲ. ಓಣಿಯ ನೆಲ ಒಂದು ಕಡೆ ಕುಸಿಯುವುದು, ಬೇಸಿಗೆಯಲ್ಲೂ ಒಂದೇ ಜಾಗದಲ್ಲಿ ಹುಲ್ಲು ಹಸಿರಾಗಿರುವುದು, ಪಾಯದ ಗೋಡೆಯಲ್ಲಿ ಒದ್ದೆ ಏರುವುದು, ಇವೂ ಹಾಗೇ. ಪೈಪಿನ ದಾರಿಯಲ್ಲಿ ಹೆಗ್ಗಣದ ಬಿಲ ಕಂಡರೆ ಅದನ್ನು ಮುಚ್ಚಿ ಸುಮ್ಮನಾಗಬೇಡಿ. ಒಡೆದ ಪೈಪಿನಿಂದ ಅದು ಮೇಲೆ ಬಂದಿರಬಹುದು. ನಮ್ಮಲ್ಲಿ ಕೆಂಪು ಮಣ್ಣೂ ಇತ್ತು, ಬಿಲವೂ ಇತ್ತು. ನಾನು ಹೆಗ್ಗಣಕ್ಕೆ ಪಾಷಾಣ ಇಟ್ಟು ಪೈಪನ್ನು ಮರೆತಿದ್ದೆ.

ಅಗೆದಾಗ ಕಂಡದ್ದು ಹೀಗೆ. ನಮ್ಮದು ಹಳೇ ಸ್ಟೋನ್‌ವೇರ್ ಪೈಪು, ಕಂದು ಬಣ್ಣದ ಹೊಳಪಿನದು. ಇಂಥ ಪೈಪಿನ ತುಂಡುಗಳು ಎರಡಡಿ ಉದ್ದ ಇರುತ್ತವೆ, ಅಂದರೆ ಇಪ್ಪತ್ತು ಅಡಿಗೆ ಹತ್ತು ಜಾಯಿಂಟ್. ಜಾಯಿಂಟಿಗೆಲ್ಲ ಸಿಮೆಂಟ್ ಗಾರೆ. ಗಾರೆ ಬಿರುಕು ಬಿಟ್ಟರೆ ನೀರು ಒಸರುತ್ತದೆ, ಒಸರಿದ ಕಡೆಗೆ ಬೇರು ಬರುತ್ತದೆ. ಬೇರು ಗಟ್ಟಿ ಪೈಪನ್ನು ಕೊರೆಯುವುದಿಲ್ಲ, ಇರುವ ಸಂದಿಯನ್ನು ಹುಡುಕುತ್ತದೆ. ಒಳಗೆ ಬಂದ ಮೇಲೆ ಕವಲೊಡೆದು ಜಾಲ ಕಟ್ಟುತ್ತದೆ. ನಾಲ್ಕನೇ ಜಾಯಿಂಟ್ ಬಿಚ್ಚಿ ಮೇಸ್ತ್ರಿ ಎಳೆದಾಗ ಬಂದದ್ದು ಮೊಳದುದ್ದದ ಜಡೆ. ಕಂದು ಬೇರುಗಳು ಹೆಣೆದುಕೊಂಡು, ತುದಿ ಕೂದಲಿನಷ್ಟು ತೆಳ್ಳಗೆ, ನಡುವೆಲ್ಲ ಸೋಪಿನ ಹಾಗೆ ಬೆಳ್ಳಗೆ ಕಟ್ಟಿದ ಜಿಡ್ಡು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಇಷ್ಟು ದಿನದಿಂದ ಸಿಪ್ಪೆ ಸಿಪ್ಪೆ ಅಂತ ಕೂಗಾಡಿದ್ರಲ್ಲ, ಇದು ಯಾವ ಸಿಪ್ಪೆ ಹೇಳಿ ಈಗ" ಅಂದಳು. ನಾನು ಹಾರೆ ತೊಳೆಯಲು ಹೋದೆ.

ಕಲ್ಪತರು ನಾಡಿನಲ್ಲಿ ಮನೆ ಮುಂದೆ ತೆಂಗು ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಮರ ಉಳಿಸಿಕೊಳ್ಳಬಹುದು, ಪೈಪು ಬದಲಾಯಿಸಿದರೆ ಸಾಕು. ತೆಂಗಿನ ಚುರುಕಿನ ಬೇರುಗಳು ಹೆಚ್ಚಾಗಿ ಬುಡದ ಸುತ್ತ ಆರೇಳು ಅಡಿ ದೂರದೊಳಗೆ ಇರುತ್ತವೆ. ಅಷ್ಟು ದೂರದೊಳಗೆ ಜಾಯಿಂಟ್ ಬಾರದ ಹಾಗೆ ಉದ್ದನೆಯ ಪೈಪು ಹಾಕಿಸಿ. ಅರಳಿ, ಅತ್ತಿ, ಆಲದ ವಿಷಯ ಬೇರೆ. ಚೇಂಬರಿನ ಇಟ್ಟಿಗೆ ಸಂದಿಯಲ್ಲಿ ಅರಳಿ ಸಸಿ ಎರಡೆಲೆ ಬಿಟ್ಟಾಗಲೇ ಬುಡಸಮೇತ ಕೀಳಿ. ಪೂಜೆ ಮಾಡುವ ಮರ ಅಂತ ಬಿಟ್ಟರೆ ಚೇಂಬರ್ ಹೋಗುತ್ತದೆ.

ನಾವು ಹಾಕಿಸಿದ್ದು 110 ಮಿಲಿಮೀಟರಿನ, ಅಂದರೆ ನಾಲ್ಕು ಇಂಚಿನ ಪಿವಿಸಿ ಪೈಪು. ಅಂಗಡಿಯಲ್ಲಿ ಎಸ್‌ಡಬ್ಲ್ಯುಆರ್ ಪೈಪು (ಕಕ್ಕಸು, ಬಚ್ಚಲು, ಮಳೆನೀರಿನದು) ಕೇಳಿದರೆ ಎ ಟೈಪ್, ಬಿ ಟೈಪ್ ಅಂತ ಎರಡು ತೋರಿಸುತ್ತಾರೆ. ಎ ತೆಳ್ಳಗಿನದು, ಮಳೆನೀರಿಗೆ ಮತ್ತು ಗಾಳಿ ಪೈಪಿಗೆ. ಬಿ ದಪ್ಪಗಿನದು, ಬಚ್ಚಲು ಕಕ್ಕಸಿನ ನೀರಿಗೆ. ದುಡ್ಡು ಉಳಿಸಲು ಎ ಹಾಕಿಸಬೇಡಿ. ನೆಲದೊಳಗೆ ಹೂಳುವುದಕ್ಕೆ ಇಟ್ಟಿಗೆ ಬಣ್ಣದ ಪೈಪೇ ಬೇರೆ ಬರುತ್ತದೆ, ಗಾಡಿ ಓಡಾಡುವ ಜಾಗವಾದರೆ ಅದೇ ಒಳ್ಳೆಯದು. ನಾಲ್ಕು ಇಂಚಿನ ಪೈಪಿಗೆ ನಲವತ್ತಕ್ಕೆ ಒಂದರಿಂದ ಅರವತ್ತಕ್ಕೆ ಒಂದರವರೆಗೆ ವಾಟ ಬೇಕು. ನಲವತ್ತಕ್ಕೆ ಒಂದು ಅಂದರೆ ಇಪ್ಪತ್ತು ಅಡಿಗೆ ಆರು ಇಂಚು ಇಳಿಜಾರು. ಕಣ್ಣಳತೆಗೆ ಬಿಡಬೇಡಿ, ಲೆವೆಲ್ ಟ್ಯೂಬ್ ಹಿಡಿಸಿ. ಪೈಪಿನ ಕೆಳಗೆ ಮರಳು ಹಾಸಿ, ಮೊನಚು ಜಲ್ಲಿಕಲ್ಲು ಇರುವ ಮಣ್ಣನ್ನು ನೇರವಾಗಿ ಮೇಲೆ ಸುರಿಯಬೇಡಿ. ಓಣಿಯಲ್ಲಿ ಬೈಕ್ ನಿಲ್ಲಿಸುವವರು, ಸಿಮೆಂಟ್ ಇಟ್ಟಿಗೆ ಲೋಡ್ ಇಳಿಸಿಕೊಳ್ಳುವವರು ಪೈಪು ಎಷ್ಟು ಆಳದಲ್ಲಿದೆ ಅಂತ ಮೊದಲು ತಿಳಿದುಕೊಳ್ಳಿ.

ಸಂಪು ಎಷ್ಟು ದೂರ?

ಪೈಪು ಒಡೆದದ್ದು ಗೊತ್ತಾದ ತಕ್ಷಣ ಕೇಳಬೇಕಾದ ಪ್ರಶ್ನೆ ಇದು. ವಾಸ್ತು ಪ್ರಕಾರ ಅಡುಗೆಮನೆ ಆಗ್ನೇಯಕ್ಕೆ, ಸಂಪು ಈಶಾನ್ಯಕ್ಕೆ. ಉತ್ತರಕ್ಕೆ ರಸ್ತೆ ಇರುವ ಸೈಟಾದರೆ ಅಡುಗೆಮನೆಯ ನೀರು ಪೂರ್ವದ ಓಣಿಯಲ್ಲಿ ಹಾದು ಸಂಪಿನ ಪಕ್ಕದಲ್ಲೇ ರಸ್ತೆಗೆ ಹೋಗಬೇಕು. ವಾಸ್ತು ಹೇಳಿದವರು ಪೈಪಿನ ದಾರಿ ಯೋಚಿಸಿರಲಿಲ್ಲ. ನಮ್ಮಲ್ಲಿ ಒಡೆದ ಜಾಗಕ್ಕೂ ಸಂಪಿನ ಗೋಡೆಗೂ ಹತ್ತಡಿ.

ಸಂಪಿನ ಗಿಲಾವಿನಲ್ಲಿ ಕೂದಲೆಳೆ ಬಿರುಕಿದ್ದರೂ ನೀರಿನ ಮಟ್ಟ ಇಳಿದಾಗ ಹೊರಗಿನ ಹೊಲಸು ಒಳಗೆ ಒಸರಬಹುದು. ಟೈಫಾಯ್ಡ್, ಕಾಮಾಲೆ ಬರುವ ದಾರಿಗಳಲ್ಲಿ ಇದೂ ಒಂದು. ನೀರು ನೋಡಲು ತಿಳಿಯಾಗೇ ಇರುತ್ತದೆ, ವಾಸನೆಯೂ ಇರದಿರಬಹುದು. ನಾವು ಸಂಪು ಪೂರ್ತಿ ಖಾಲಿ ಮಾಡಿಸಿ, ಒಣಗಿಸಿ, ಒಳಗೋಡೆಯಲ್ಲಿ ಒದ್ದೆ ಕಲೆ ಎಲ್ಲಿದೆ ಅಂತ ಹುಡುಕಿದೆವು. ಬಿರುಕು ಮುಚ್ಚಿಸಿ, ಬ್ಲೀಚಿಂಗ್ ಪೌಡರಿನಲ್ಲಿ ತೊಳೆಸಿ, ನೀರನ್ನು ಪರೀಕ್ಷೆಗೆ ಕೊಟ್ಟೆವು. ಫಲಿತಾಂಶ ಬರುವ ತನಕ ಕುಡಿಯಲು ಕುದಿಸಿದ ನೀರೇ.

ವಾಸನೆ, ಸದ್ದು, ಮಳೆ

ನೀರು ಸರಾಗ ಹೋಗುತ್ತದೆ, ಆದರೆ ವಾಸನೆ. ಹೆಚ್ಚಾಗಿ ಟ್ರ್ಯಾಪ್ ಒಣಗಿರುತ್ತದೆ. ಬಚ್ಚಲಿನ ನಹಾನಿ ಟ್ರ್ಯಾಪಿನಲ್ಲಿ, ಅಂದರೆ ಜಾಲರಿಯ ಕೆಳಗಿನ ಬಟ್ಟಲಿನಲ್ಲಿ, ಸುಮಾರು ಎರಡು ಇಂಚು ನೀರು ಸದಾ ನಿಂತಿರಬೇಕು, ಅದೇ ಕೆಟ್ಟ ಗಾಳಿಗೆ ಅಡ್ಡ. ಬೇಸಿಗೆಯಲ್ಲಿ ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದರೆ ಅದು ಆರಿಹೋಗಿರುತ್ತದೆ. ಒಂದು ಚೊಂಬು ನೀರು ಹಾಕಿ, ಮುಗಿಯಿತು.

ಒಂದು ಕಡೆ ನೀರು ಬಿಟ್ಟರೆ ಇನ್ನೊಂದು ಕಡೆ ಗುಳುಗುಳು ಅಂದರೆ ಪೈಪಿಗೆ ಗಾಳಿ ಸಿಗುತ್ತಿಲ್ಲ. ಒಂದೋ ಮುಂದೆ ಅರ್ಧ ಕಟ್ಟಿದೆ, ಇಲ್ಲವೇ ತಾರಸಿ ಮೇಲಿನ ಗಾಳಿ ಪೈಪಿನ ಬಾಯಿ ಮುಚ್ಚಿದೆ. ಹತ್ತಿ ನೋಡಿ. ಹಕ್ಕಿ ಗೂಡು, ಕಣಜದ ಗೂಡು, ಕೆಲವೊಮ್ಮೆ ಯಾರೋ ಮಕ್ಕಳು ಹಾಕಿದ ಚೆಂಡು.

ಮಳೆ ಬಂದಾಗ ಮಾತ್ರ ಉಕ್ಕುತ್ತದೆಯಾ? ತಾರಸಿಯ ಮಳೆನೀರಿನ ಪೈಪು ಚೇಂಬರಿಗೆ ಸೇರಿದೆಯಾ ನೋಡಿ. ಯುಜಿಡಿ ಇರುವುದು ಬಚ್ಚಲು ಕಕ್ಕಸಿನ ನೀರಿಗೆ, ಮಳೆನೀರಿಗೆ ಅಲ್ಲ. ಬೀದಿಯಲ್ಲಿ ಹತ್ತು ಮನೆಯವರು ಹೀಗೆ ಸೇರಿಸಿದರೆ ಸೆಪ್ಟೆಂಬರ್ ಅಕ್ಟೋಬರಿನ ಒಂದು ಜೋರು ಮಳೆಗೆ ತಗ್ಗಿನ ಮನೆಯವರ ಬಚ್ಚಲಲ್ಲಿ ಎಲ್ಲರ ಹೊಲಸೂ ಏಳುತ್ತದೆ. ಆ ತಗ್ಗಿನ ಮನೆ ನಿಮ್ಮದಾದರೆ ಕೊನೆಯ ಚೇಂಬರಿನಲ್ಲಿ ಒಂದೇ ದಿಕ್ಕಿಗೆ ತೆರೆಯುವ ವಾಲ್ವ್ ಹಾಕಿಸಬಹುದು. ಮಳೆನೀರಿಗೆ ಇಂಗುಗುಂಡಿ ಮಾಡಿ, ಬೋರ್‌ವೆಲ್ಲಿಗಾದರೂ ಸಿಗಲಿ.

ನಲ್ಲಿಯಲ್ಲಿ ನೀರು ಬಿಟ್ಟ ದಿನ ಮಾತ್ರ ಉಕ್ಕಿದರೆ? ಅವತ್ತು ಇಡೀ ಬೀದಿಯೇ ಬಟ್ಟೆ ಒಗೆಯುತ್ತಿರುತ್ತದೆ. ಬೀದಿ ಲೈನು ಅರ್ಧ ಕಟ್ಟಿದ್ದರೆ ಆ ದಿನವೇ ಬಯಲಾಗುವುದು. ಅಕ್ಕಪಕ್ಕದವರನ್ನು ಕೇಳಿ, ಅವರಿಗೂ ಹಾಗೇ ಆಗುತ್ತಿದ್ದರೆ ನಿಮ್ಮ ಓಣಿ ಅಗೆಯುವ ಕೆಲಸವಿಲ್ಲ.

ಯುಜಿಡಿ ಇಲ್ಲದ ಹೊಸ ಬಡಾವಣೆಗಳಲ್ಲಿ ಎಲ್ಲ ಕಡೆ ಒಟ್ಟಿಗೆ ನಿಧಾನವಾದರೆ ಮೊದಲು ಸೆಪ್ಟಿಕ್ ಟ್ಯಾಂಕ್ ನೋಡಿ. ಅದನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ಉಕ್ಕುವ ತನಕ ಕಾಯುವುದಲ್ಲ.

ಆಸಿಡ್, ಕಾಸ್ಟಿಕ್, ಸೋಡಾ

ಆಸಿಡ್ ಸಿಮೆಂಟನ್ನು ತಿನ್ನುತ್ತದೆ. ಚೇಂಬರಿನ ಗಿಲಾವು, ಹಳೇ ಪೈಪಿನ ಜಾಯಿಂಟ್ ಎಲ್ಲ ಸಿಮೆಂಟೇ ಅಲ್ವಾ? ನಾನು ಸುರಿದ ಬಾಟಲಿ ಸಿಂಕಿನ ಕೆಳಗಿನ ನಾರನ್ನು ಕರಗಿಸಲಿಲ್ಲ, ಬಿರುಕಿದ್ದ ಜಾಯಿಂಟುಗಳ ಮೇಲೆ ಹರಿದುಹೋಯಿತು.

ಅಂಗಡಿಯಲ್ಲಿ ಸಿಗುವ ಪುಡಿ ಹೆಚ್ಚಾಗಿ ಕಾಸ್ಟಿಕ್ ಸೋಡಾ. ಜಿಡ್ಡಿಗೆ ಕೆಲಸ ಮಾಡುತ್ತದೆ ನಿಜ, ಆದರೆ ನೀರು ನಿಂತ ಪೈಪಿಗೆ ಜಾಸ್ತಿ ಹಾಕಿದರೆ ತಳದಲ್ಲಿ ಕಲ್ಲಾಗಿ ಕೂರುತ್ತದೆ. ನೀರು ಸೇರಿದಾಗ ಕುದಿದು ಮುಖಕ್ಕೆ ಚಿಮ್ಮಬಹುದು. ಪುಡಿ ಹಾಕಿದ ಮೇಲೆ ಪಂಪ್ ಒತ್ತಲೇಬೇಡಿ. ಪ್ಲಂಬರ್ ಬಂದರೆ "ಒಳಗೆ ಇಂಥದ್ದು ಹಾಕಿದ್ದೀನಿ" ಅಂತ ಮೊದಲೇ ಹೇಳಿ, ಅವರ ಕಣ್ಣಿನ ಪ್ರಶ್ನೆ. ಆಸಿಡ್ ಮತ್ತು ಬ್ಲೀಚಿಂಗ್ ಎರಡನ್ನೂ ಒಟ್ಟಿಗೆ ಹಾಕಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು.

ಅಡುಗೆ ಸೋಡಾ, ವಿನೆಗರ್ ಹಾಕಿ ನೊರೆ ಬರಿಸುವ ವಿಡಿಯೋ ನೀವೂ ನೋಡಿರುತ್ತೀರಿ. ಒಂದನ್ನೊಂದು ಹೊಡೆದುಹಾಕಿ ಉಳಿಯುವುದು ಹೆಚ್ಚೂಕಡಿಮೆ ಉಪ್ಪುನೀರು. ನೋಡಲು ಚೆಂದ, ಅಷ್ಟೇ. ಬಿಸಿನೀರು ಒಳ್ಳೆಯದು, ಆದರೆ ಮರಳುವ ನೀರನ್ನು ಪಿವಿಸಿ ಪೈಪಿಗೆ ಸುರಿಯಬೇಡಿ, ಮೆತ್ತಗಾಗಿ ಜಾಯಿಂಟ್ ಸಡಿಲವಾಗುತ್ತದೆ. ಅನ್ನ ಬಸಿದ ಗಂಜಿಯನ್ನು ನೇರವಾಗಿ ಸಿಂಕಿಗೆ ಹಾಕುವವರಿಗೂ ಇದೇ ಮಾತು. ಅದರಲ್ಲಿ ಬಿಸಿಯೂ ಇದೆ, ಅಂಟೂ ಇದೆ.

ದೋಷ ಬೀದಿಯಲ್ಲಿದ್ದರೆ

ನಿಮ್ಮ ಕೊನೆಯ ಚೇಂಬರ್ ತುಂಬಿ, ಬೀದಿಯ ಮ್ಯಾನ್‌ಹೋಲ್ ಕೂಡ ತುಂಬಿದ್ದರೆ ಪಾಲಿಕೆಗೆ ದೂರು ಕೊಡಿ. "ಚರಂಡಿ ಕಟ್ಟಿದೆ" ಅಂತ ಮಾತ್ರ ಹೇಳಬೇಡಿ. ಯಾವ ಮ್ಯಾನ್‌ಹೋಲ್ ತುಂಬಿದೆ, ಅದರ ಮುಂದಿನದು ಖಾಲಿಯಿದೆಯೇ ಅಂತ ಹೇಳಿದರೆ ಜೆಟ್ಟಿಂಗ್ ಗಾಡಿಯವರು (ಜೋರು ನೀರು ಬಿಟ್ಟು ಪೈಪು ತೆರವು ಮಾಡುವವರು) ನೇರ ಅಲ್ಲಿಗೇ ಬರುತ್ತಾರೆ. ಭಾರದ ಮುಚ್ಚಳ ನೀವೇ ಎತ್ತಲು ಹೋಗಬೇಡಿ, ಹೊರಗೆ ಉಕ್ಕುತ್ತಿದೆಯೇ ಅಂತ ನೋಡಿದರೂ ಸಾಕು.

ಯಾರನ್ನೂ ಮ್ಯಾನ್‌ಹೋಲಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸಬೇಡಿ. "ಐನೂರು ಜಾಸ್ತಿ ಕೊಡಿ ಸಾರ್, ಇಳೀತೀನಿ" ಅಂದರೂ ಬೇಡ. ಒಳಗಿನ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ. ಪ್ರಮಾಣ ಹೆಚ್ಚಾದಂತೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು ಅಂದುಕೊಳ್ಳುವ ಹೊತ್ತಿಗೆ ಮನುಷ್ಯ ಬಿದ್ದಿರುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ರಕ್ಷಣೆಯ ಸಲಕರಣೆ ಇಲ್ಲದೆ ಹೀಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮನೆ ಯಜಮಾನನಿಗೂ ಇದು ಅನ್ವಯಿಸುತ್ತದೆ.

ಈಗ ನಮ್ಮ ಮನೆಯಲ್ಲಿ

ಸಿಂಕಿನ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಬಂದಿದೆ. ಮುದ್ದೆ ಪಾತ್ರೆಯನ್ನು ನೆನೆಸಿ, ಸೀಕನ್ನು ಕೆರೆದು ಆ ನೀರನ್ನು ತೆಂಗಿನ ಬುಡಕ್ಕೇ ಹಾಕುತ್ತೇವೆ. ಅವರೆ ಹಿತುಕುವ ಕೆಲಸ ಸಿಂಕಿನ ಹತ್ತಿರ ನಿಷೇಧ, ಹಿತ್ತಲಲ್ಲಿ ಬಕೆಟ್ ಇಟ್ಟುಕೊಂಡು ಮಾತ್ರ. ನಾರು ಹೋಗಿ ಪ್ಲಾಸ್ಟಿಕ್ ಉಜ್ಜು ಬಂತು. ಅತ್ತೆಗೆ ಅದು ಇನ್ನೂ ಹಿಡಿಸಿಲ್ಲ. ಬಾಂಡಲಿಯ ಎಣ್ಣೆಯನ್ನು ಹಳೇ ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯುವುದು. ಕಕ್ಕಸಿಗೆ ಪ್ಯಾಡು, ಒದ್ದೆ ವೈಪ್ಸು ಹಾಕುವಂತಿಲ್ಲ. ಪ್ಯಾಕೆಟ್ ಮೇಲೆ ಏನೇ ಬರೆದಿರಲಿ, ಅದು ಬಟ್ಟೆಯೇ. ಟೈಲ್ಸ್ ಕೆಲಸಕ್ಕೆ ಬಂದವರು ಸಿಮೆಂಟ್ ಬಾಂಡಲಿಯನ್ನು ಬಚ್ಚಲಲ್ಲಿ ತೊಳೆಯದಂತೆ ನಾನೇ ನಿಂತು ಕಾಯುತ್ತೇನೆ. ಪೈಪಿನಲ್ಲಿ ಗಟ್ಟಿಯಾದ ಸಿಮೆಂಟಿಗೆ ದಬ್ಬೆಯೂ ಇಲ್ಲ, ಮದ್ದೂ ಇಲ್ಲ. ಒಡೆದು ಬದಲಾಯಿಸುವುದೇ.

ಮೂರು ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡುತ್ತೇನೆ. ಹೋದ ವಾರವೂ ಕನ್ನಡಿ ಇಳಿಸಿದೆ. ಹುಣ್ಣಿಮೆ ಪೂರ್ತಿ ಇತ್ತು. ಗಲ್ಲಿ ಟ್ರ್ಯಾಪಿನಲ್ಲಿ ಮಾತ್ರ ನಾಲ್ಕು ಎಳೆ ತೆಂಗಿನ ನಾರು ಸಿಕ್ಕವು. ಯಾರು ಅಂತ ನಾನು ಕೇಳಲಿಲ್ಲ.